ನರದ ತುದಿಯಲ್ಲಿ ನಿಂತುಹೋದ ಕೆಲಸ

ಬೆಳಗ್ಗೆ ಹತ್ತು ಗಂಟೆ ಹತ್ತು ನಿಮಿಷಕ್ಕೆ ಮೇಸ್ತ್ರಿ ಅಕ್ಕ ಟೊಮ್ಯಾಟೊ ಸಾಲಿನ ನಡುವೆ ಕುಕ್ಕರಿಸಿ ವಾಂತಿ ಮಾಡಿಕೊಂಡಳು. ಸಮಯ ಇಷ್ಟು ಖಚಿತವಾಗಿ ನೆನಪಿರುವುದಕ್ಕೆ ಕಾರಣವಿದೆ. ಪರಾಗ ಹಚ್ಚುವ ಕೆಲಸ ಬಿಸಿಲೇರುವ ಮೊದಲು ಮುಗಿಯಬೇಕು. ನಾನು ಆಗತಾನೆ ಗಡಿಯಾರ ನೋಡಿ, ಅರ್ಧ ಪ್ಲಾಟು ಇನ್ನೂ ಬಾಕಿ ಇದೆಯಲ್ಲ ಎಂದು ಸಿಡಿಮಿಡಿಗೊಂಡಿದ್ದೆ.

ಮಾಸೂರಿನ ಹತ್ತಿರ, ಮದಗದ ಕೆರೆಯ ನೀರು ಹಾಯುವ ಹೊಲ ಅದು. ಹುಳ ಬಾರದಂತೆ ನಾಲ್ಕೂ ಕಡೆ ಬಿಳಿ ಪರದೆ ಕಟ್ಟಿ, ಒಳಗೆ ಹೈಬ್ರಿಡ್ ಬೀಜಕ್ಕಾಗಿ ಟೊಮ್ಯಾಟೊ ಬೆಳೆಸುತ್ತಾರೆ. ಹೆಂಗಸರು ಚಿಮಟಿಗೆಯಿಂದ ಮೊಗ್ಗಿನ ಗಂಡುಭಾಗ ಕಿತ್ತು, ಮರುದಿನ ಬೇರೆ ಗಿಡದ ಪರಾಗವನ್ನು ಹೂವಿಗೆ ಹಚ್ಚುತ್ತಾರೆ. ಅದು ಸರಿಯಾಗಿ ಆಗಿದೆಯೇ ಎಂದು ನೋಡುವುದು ಬೀಜ ಕಂಪನಿಯ ನೌಕರಳಾದ ನನ್ನ ಕೆಲಸ. ಆ ಹೆಂಗಸರ ಗ್ಯಾಂಗಿಗೆ ಆಕೆ ಮೇಸ್ತ್ರಿ. ಮೂವತ್ತೈದರ ಆಸುಪಾಸು, ದಪ್ಪ ತುರುಬು, ದೊಡ್ಡ ದನಿ. ಎಲ್ಲರೂ ಆಕೆಯನ್ನು ಮೇಸ್ತ್ರಿ ಅಕ್ಕ ಎನ್ನುತ್ತಿದ್ದರು. ನಾನೂ ಹಾಗೇ ಕರೆಯುತ್ತಿದ್ದೆ.

ಮೊದಲಿಗೆ ಯಾರಿಗೂ ಗಾಬರಿಯಾಗಲಿಲ್ಲ. ಅದೇ ಗ್ಯಾಂಗಿನಲ್ಲಿ ದುಡಿಯುವ ಆಕೆಯ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ, ಸಾಲು ಬಿಟ್ಟು ಎದ್ದು ಬಂದಳು.

"ಖಾಲಿ ಹೊಟ್ಟೀಲೆ ಚಾ ಕುಡದ್ ಬಂದಾಳ್ರಿ ಮೇಡಂ. ಪಿತ್ತ ಕೆರಳೈತಿ. ಲಿಂಬಿಹಣ್ಣಿನ ನೀರ ಕೊಟ್ರ ಸರಿ ಹೋಗ್ತೈತಿ."

ಕೊಟ್ಟರು. ಅದೂ ಹೊರಗೆ ಬಂತು. ಮೋಡ ಕವಿದ ತಂಪು ಬೆಳಗಿನಲ್ಲಿ ಆಕೆ ಬೆವರಿನಿಂದ ತೊಯ್ದುಹೋಗಿದ್ದಳು. ಬಾಯಿಂದ ಜೊಲ್ಲು ದಾರದಂತೆ ಇಳಿಯುತ್ತಿತ್ತು.

"ಉಳ್ಳಾಗಡ್ಡಿ ಹೆಚ್ಚಿಲ್ಲ ಏನಿಲ್ಲ, ಕಣ್ಣಾಗ ನೀರ ನೋಡ್ರಿ ಹೆಂಗ ಸುರ್ಯಾಕತ್ತೈತಿ" ಎಂದು ಆಕೆಯೇ ನಕ್ಕಳು. ನಾನು ಆ ಕಣ್ಣನ್ನು ನೋಡಿದೆ. ಪಾಪೆ ಸೂಜಿಯ ಮೊನೆಯಷ್ಟಾಗಿತ್ತು. ರೆಪ್ಪೆಯ ಕೆಳಗೆ ಮಾಂಸ ಪಟಪಟನೆ ಅದುರುತ್ತಿತ್ತು. ಸೀರೆ ತುಸು ಸರಿಸಿ ಮೀನಖಂಡ ನೋಡಿದರೆ ಚರ್ಮದಡಿ ಹುಳ ಹರಿದಾಡಿದಂತೆ ಅಲೆ ಏಳುತ್ತಿತ್ತು.

ಧಾರವಾಡದಲ್ಲಿ ಜೀವರಸಾಯನಶಾಸ್ತ್ರ ಓದುವಾಗ ಇವೆಲ್ಲ ಲಕ್ಷಣಗಳನ್ನು ನಾನು ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದೆ. ಮೆದುಳು ಒಂದು ಸ್ನಾಯುವಿಗೆ "ಬಿಗಿಯಾಗು" ಎಂದು ಹೇಳಬೇಕಾದರೆ ನರದ ತುದಿಯಿಂದ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಹೊರಬೀಳುತ್ತದೆ. ಸ್ನಾಯು ಬಿಗಿಯಾಗುತ್ತದೆ. ಮರುಕ್ಷಣವೇ ಆ ರಾಸಾಯನಿಕವನ್ನು ಕತ್ತರಿಸಿ ಜಾಗ ಖಾಲಿ ಮಾಡುವ ಒಂದು ಕಿಣ್ವ ಅಲ್ಲಿ ಕಾದಿರುತ್ತದೆ. ಕಣ್ಣಿಗೆ ಕಾಣದ ಸಣ್ಣ ಯಂತ್ರ ಅದು. ಅದರ ಒಡಲಲ್ಲಿ ಆಳವಾದ ಒಂದು ಓಣಿ, ಓಣಿಯ ಕೊನೆಯಲ್ಲಿ ಕತ್ತರಿ. ಒಂದೇ ಒಂದು ಯಂತ್ರ ಸೆಕೆಂಡಿಗೆ ಸಾವಿರಾರು ಅಣುಗಳನ್ನು ಕತ್ತರಿಸಿ ಆಚೆ ಹಾಕುತ್ತದೆ. ಅದರಿಂದಲೇ ನಾವು ಮುಷ್ಟಿ ಕಟ್ಟಿ ಮತ್ತೆ ಬಿಚ್ಚುತ್ತೇವೆ, ಉಸಿರು ಎಳೆದು ಮತ್ತೆ ಬಿಡುತ್ತೇವೆ. ಆರ್ಗನೋಫಾಸ್ಫೇಟ್ ಗುಂಪಿನ ಕೀಟನಾಶಕ ನೇರವಾಗಿ ಆ ಕತ್ತರಿಗೇ ಹೋಗಿ ಅಂಟಿಕೊಳ್ಳುತ್ತದೆ. ಬಿಳಿನೊಣ ಸಾಯುವುದು ಹಾಗೆ. ಮನುಷ್ಯರಲ್ಲೂ ಯಂತ್ರ ಅದೇ. ಜಾಗ ಖಾಲಿಯಾಗದೆ ಸಂದೇಶದ ಮೇಲೆ ಸಂದೇಶ ಬಂದು ಬಿದ್ದು, ಗ್ರಂಥಿಗಳೆಲ್ಲ ನೀರು ಸುರಿಸುತ್ತವೆ, ಸ್ನಾಯು ಅದುರಿ ಅದುರಿ ಸೋಲುತ್ತದೆ. ಕೊನೆಗೆ ರೋಗಿ ತನ್ನ ಎದೆಯ ನೀರಿನಲ್ಲೇ ಮುಳುಗುತ್ತಾಳೆ.

"ಇಲ್ಲಿ ಎಣ್ಣಿ ಹೊಡದೀರೇನು?" ಎಂದು ಹೊಲದ ಮಾಲೀಕರನ್ನು ಕೇಳಿದೆ. ನಮ್ಮ ಕಡೆ ಕೀಟನಾಶಕಕ್ಕೆ ಎಣ್ಣಿ ಎಂದೇ ಹೆಸರು.

"ಹೊಡದಿದ್ದು ನಿನ್ನಿ ಸಂಜೀಕ್ರಿ, ಹೆಣಮಕ್ಕಳೆಲ್ಲಾ ಹ್ವಾದಮ್ಯಾಲೆ. ಅದೂ ಆ ಕಡೆ ಪ್ಲಾಟಿಗೆ. ಈಕಿ ಮುಟ್ಟೇ ಇಲ್ಲ" ಎಂದ ಅವರು ದನಿ ತಗ್ಗಿಸಿದರು. "ಮೇಡಂ, ಆ ಹೆಸರ ಎತ್ತಬ್ಯಾಡ್ರಿ. ಎಣ್ಣಿ ಅಂದ್ರ ಕುಡದಾಳ ಅಂತಾರ. ಪೊಲೀಸ್ರು ಬರ್ತಾರ, ಪೇಪರ್‌ನ್ಯಾಗ ಬರ್ತೈತಿ."

"ಮೊದ್ಲ ಗಾಡಿ ತೆಗೀರಿ."

ಅವರ ಪಿಕಪ್ ಗಾಡಿಯ ತುಂಬ ಖಾಲಿ ಕ್ರೇಟುಗಳಿದ್ದವು. ಅವರು ಒಂದೊಂದನ್ನೇ ಇಳಿಸಿ, ಸಾಲಾಗಿ ಒಂದರ ಮೇಲೊಂದು ಪೇರಿಸತೊಡಗಿದರು. ನಾನು ಜೀವಮಾನದಲ್ಲಿ ಯಾರ ಮೇಲೂ ಹಾಗೆ ಕೂಗಿರಲಿಲ್ಲ. "ಒಗೀರಿ ಅವನ್ನ!" ಎಂದೆ. "ಒಡದ್ರ ಹೆಂಗ್ರಿ?" ಎಂದರು. ನಾನೂ ನೆಗೆಣ್ಣಿಯೂ ಗಾಡಿ ಹತ್ತಿ ಕ್ರೇಟುಗಳನ್ನೆಲ್ಲ ಕಾಲಿನಿಂದ ಕೆಳಗೆ ತಳ್ಳಿದೆವು. ಅಷ್ಟರಲ್ಲಿ ಪಕ್ಕದ ಹೊಲದಿಂದ ಆಕೆಯ ಗಂಡ ಓಡಿ ಬಂದ. ಅವನೂ ಮೊದಲು ಆಡಿದ ಮಾತು, "ಹೊಟ್ಟಿಬ್ಯಾನಿ ಅಂತ ಹೇಳ್ರಿ ಮೇಡಂ, ನಿಮ್ಮ ಕಾಲ ಬೀಳ್ತೇನಿ" ಎಂಬುದೇ.

ದಾರಿಯಲ್ಲಿ ಸಿಕ್ಕ ಮೊದಲ ನರ್ಸಿಂಗ್ ಹೋಮಿಗೆ ನುಗ್ಗಿದೆವು. ಡಾಕ್ಟರು ರೆಪ್ಪೆ ಎತ್ತಿ ಟಾರ್ಚು ಬಿಟ್ಟು ನೋಡಿ, ಎದೆಗೆ ಸ್ಟೆತಸ್ಕೋಪು ಇಟ್ಟವರೇ ಕೇಳಿದರು.

"ಯಾವಾಗ ಕುಡದಾಳ?"

"ಕುಡದಿಲ್ರಿ" ಎಂದು ಗಂಡ, ನೆಗೆಣ್ಣಿ, ಮಾಲೀಕರು ಮೂವರೂ ಒಟ್ಟಿಗೆ ಹೇಳಿದರು. ಆ ಒಕ್ಕೊರಲು ಕೇಳಿದ ಯಾರಿಗಾದರೂ ಇವರು ಸುಳ್ಳು ಹೇಳುತ್ತಿದ್ದಾರೆ ಎಂದೇ ಅನಿಸುತ್ತಿತ್ತು. ಮಾಲೀಕರಂತೂ ಒಂದು ಹೆಜ್ಜೆ ಮುಂದೆ ಹೋಗಿ, "ನಿನ್ನಿ ಮದವ್ಯಾಗ ಉಂಡಾಳ್ರಿ, ಬುಂದೆ ಸರಿ ಇರ್ಲಿಲ್ಲ" ಎಂದು ಇಲ್ಲದ ಮದುವೆಯನ್ನೂ ಮಾಡಿಸಿಬಿಟ್ಟರು.

"ಕುಡದಿರಾಕಿಲ್ಲ ಡಾಕ್ಟರ್" ಎಂದೆ ನಾನು. "ಆದ್ರ ಇದು ಅದಽ ವಿಷ. ಹೆಂಗ ಮೈಯಾಗ ಹೋತು ನಂಗ ಗೊತ್ತಿಲ್ಲ."

ಡಾಕ್ಟರು ವಾದಕ್ಕೆ ನಿಲ್ಲಲಿಲ್ಲ. ಅಟ್ರೋಪಿನ್ ಶುರು ಮಾಡಿದರು. ಐದು ನಿಮಿಷ ನೋಡಿ, ಎದೆಯಲ್ಲಿ ಗುಳುಗುಳು ಸದ್ದು ನಿಲ್ಲದಿದ್ದರೆ ಹಿಂದಿನದರ ಎರಡು ಪಟ್ಟು, ಮತ್ತೆ ನಿಲ್ಲದಿದ್ದರೆ ಅದರ ಎರಡು ಪಟ್ಟು, ಹೀಗೆ ಕೊಡುತ್ತಾರೆ. ಅಟ್ರೋಪಿನ್ ಆ ಯಂತ್ರವನ್ನು ರಿಪೇರಿ ಮಾಡುವುದಿಲ್ಲ. ಸಂದೇಶ ಬಂದು ಬಡಿಯುವ ಬಾಗಿಲನ್ನು ಮುಚ್ಚಿ ಹಿಡಿಯುತ್ತದೆ, ಅಷ್ಟೆ. ಕತ್ತರಿಗೆ ಅಂಟಿದ ವಿಷವನ್ನು ಬಿಡಿಸುವ ಇನ್ನೊಂದು ಔಷಧಿಯನ್ನೂ ಕೊಟ್ಟರು. ವಿಷ ಅಲ್ಲಿ ಗಟ್ಟಿಯಾಗಿ ಬೇರೂರುವ ಮುನ್ನ ಕೊಟ್ಟರೆ ಮಾತ್ರ ಅದು ಕೆಲಸ ಮಾಡುತ್ತದೆ.

ನರ್ಸು ಆಕೆಯ ಮೇಲಂಗಿ, ಸೀರೆ ತೆಗೆಸಿ, ಮೈಯನ್ನು ಸೋಪಿನ ನೀರಿನಿಂದ ಒರೆಸಿದರು. ಸ್ವಲ್ಪ ಹೊತ್ತಿಗೆ ಬಾಯಿ ಒಣಗಿತು, ಪಾಪೆ ಅಗಲವಾಯಿತು, ಎದೆ ತಿಳಿಯಾಯಿತು. ಮಾಲೀಕರು ಎದ್ದು, "ಹಂಗಾರ ನಾ ಬರ್ಲೇನ್ರಿ, ಕ್ರೇಟ್ ಹೊಲದಾಗ ಬಿದ್ದಾವ" ಎಂದು ಹೊರಟೇಬಿಟ್ಟರು.

ಮಧ್ಯಾಹ್ನದ ಹೊತ್ತಿಗೆ ಮತ್ತೆ ಜೊಲ್ಲು, ಮತ್ತೆ ಬೆವರು, ಎದೆಯಲ್ಲಿ ಮತ್ತೆ ಗುಳುಗುಳು. ಡೋಸು ಏರಿಸಿದರು, ಇಳಿಯಿತು. ಸಂಜೆಯೊಳಗೆ ಮತ್ತೆ ಅದೇ. ನರ್ಸಿಂಗ್ ಹೋಮಿನಲ್ಲಿದ್ದ ಅಟ್ರೋಪಿನ್ ಮುಗಿಯುತ್ತ ಬಂತು. ಗಂಡ ಯಾರದೋ ಬೈಕು ಇಸಿದುಕೊಂಡು ಹಿರೇಕೆರೂರಿನ ಔಷಧಿ ಅಂಗಡಿಗಳನ್ನೆಲ್ಲ ಸುತ್ತಿ, ಸಿಕ್ಕಷ್ಟು ಇಂಜೆಕ್ಷನ್ ಆಂಪೂಲುಗಳನ್ನು ಅಂಗಿಯ ಜೇಬಿನಲ್ಲಿ ತಂದ. ಒಂದು ಅಂಗಡಿಯವನು ಅವನಿಗೆ ಕೊಟ್ಟದ್ದು ಕಣ್ಣಿಗೆ ಬಿಡುವ ಅಟ್ರೋಪಿನ್ ಹನಿಯನ್ನು. ಹೆಸರು ಅದೇ ಇದೆಯಲ್ಲ ಎಂದು ಇವನೂ ತಂದಿದ್ದ. ಬೈಯಲು ಹೊರಟವಳು ಅವನ ಮುಖ ನೋಡಿ ಗೋಡೆಯ ಕಡೆ ತಿರುಗಿ ನಿಂತೆ. ದೊಡ್ಡ ಆಸ್ಪತ್ರೆಗೆ ಒಯ್ಯೋಣವೆಂದರೆ, ಈ ಸ್ಥಿತಿಯಲ್ಲಿ ದಾರಿಯಲ್ಲೇ ಉಸಿರು ಕಟ್ಟುತ್ತದೆ, ಮೊದಲು ಒಂದು ಹದಕ್ಕೆ ಬರಲಿ ಎಂದು ಡಾಕ್ಟರು ಒಪ್ಪಲಿಲ್ಲ.

ಅಷ್ಟು ಅಟ್ರೋಪಿನ್ನಿಗೆ ಆಕೆಗೆ ಭ್ರಮೆ ಹಿಡಿದಿತ್ತು. ಕಣ್ಣು ಛಾವಣಿಯಲ್ಲಿ ನೆಟ್ಟು, ಗಾಳಿಯಲ್ಲಿ ಎರಡು ಬೆರಳಿನಿಂದ ಏನನ್ನೋ ಚಿವುಟುತ್ತಿದ್ದಳು. ಚಿವುಟಿ, ಪಕ್ಕಕ್ಕೆ ಹಾಕಿ, ಮುಂದಿನದಕ್ಕೆ ಕೈ ಚಾಚುತ್ತಿದ್ದಳು. ಮೊಗ್ಗು ಕೀಳುವ ಕೈ ಅದು. "ಏ, ಆ ಸಾಲ ಬಿಟ್ಟಿ ನೋಡ" ಎಂದು ಯಾರನ್ನೋ ಗದರಿಸಿದಳು. ಈಗಲೂ ಕಣ್ಣು ಮುಚ್ಚಿದರೆ ನನಗೆ ಮೊದಲು ಕಾಣುವುದು ಆ ಎರಡು ಬೆರಳು.

ಡಾಕ್ಟರ ತಾಳ್ಮೆ ಮುಗಿದಿತ್ತು. "ನೋಡ್ರಿ, ವಿಷ ಇನ್ನೂ ಮೈಯಾಗ ಹೋಗಾಕತ್ತೈತಿ. ಅಂದ್ರ ಹೊಟ್ಯಾಗ ಐತಿ. ಖರೇ ಹೇಳ್ರಿ. ಮನ್ಯಾಗ ಏನಾತು?" ಎಂದು ನೆಗೆಣ್ಣಿಯ ಕಡೆ ತಿರುಗಿದರು.

ಆಕೆ ಉರಿದುಬಿದ್ದಳು. "ಎಲ್ಲಾರೂ ನನ್ನ ಮಾರೀನ ಯಾಕ ನೋಡ್ತೀರಿ? ನಾ ಏನ ಅಂದೇನ್ರಿ ಆಕಿಗೆ? ನಿನ್ನಿ ರೊಟ್ಟಿ ನಾನಽ ಬಡದೇನಿ, ಭಾಂಡಿ ನಾನಽ ತಿಕ್ಕೇನಿ! ಆಕಿಗೆ ಏನರ ಆದ್ರ ಊರಾಗ ನನ್ನ ಸುಟ್ಟ ಹಾಕ್ತಾರ, ನಂಗ ಗೊತ್ತಿಲ್ಲೇನ?"

ಬೆಳಗಿನಿಂದ ಆಕೆ "ಪಿತ್ತ, ಪಿತ್ತ" ಎಂದು ಜಪಿಸಿದ್ದು ಯಾಕೆಂದು ಆಗ ನನಗೆ ಅರ್ಥವಾಯಿತು. ಮೂಗಿನಿಂದ ನಳಿಕೆ ಇಳಿಸಿ ಹೊಟ್ಟೆ ತೊಳೆದರು. ಬಂದದ್ದು ಲಿಂಬೆ ನೀರು, ಚಹಾ. ಕೀಟನಾಶಕದ ವಾಸನೆ ಒಂದಿಷ್ಟೂ ಇರಲಿಲ್ಲ. ಹೊಟ್ಟೆಯಲ್ಲಿ ಇಲ್ಲದಿದ್ದರೆ ಎಲ್ಲಿಂದ?

ನಳಿಕೆ ತೆಗೆದ ಮೇಲೆ ದಿಂಬು ಸರಿಪಡಿಸಲು ನಾನು ಬಗ್ಗಿದೆ. ಆಗ ವಾಸನೆ ಬಂತು. ಬೆಳ್ಳುಳ್ಳಿ ಕೊಳೆತಂಥ, ಸೀಮೆಎಣ್ಣೆ ಬೆರೆತಂಥ ವಾಸನೆ. ಅದು ಬಾಯಿಂದ ಬರುತ್ತಿರಲಿಲ್ಲ, ತಲೆಯಿಂದ ಬರುತ್ತಿತ್ತು. ದಿಂಬಿನ ಮೇಲೆ, ಆಕೆಯ ತುರುಬಿನ ಕೆಳಗೆ, ಒಂದು ಹಳೇ ಟವೆಲನ್ನು ನಾಲ್ಕು ಮಡಿಕೆ ಮಾಡಿ ಇಟ್ಟಿದ್ದರು.

"ಇದ್ಯಾರದು?"

"ಆಕೀದಽ ರಿ. ಮುಂಜಾನೆ ತಲಿಗೆ ಕಟ್ಟಿಕೊಂಡಿದ್ಲು. ದಿಂಬು ಹೊಲಸಿತ್ತು, ಹಾಸೇನಿ" ಎಂದಳು ನೆಗೆಣ್ಣಿ. ಆಮೇಲೆ ತಾನೇ ತಡೆದಳು. "ಆಕೀದಲ್ರಿ. ಗಳದ ಮ್ಯಾಲಿಂದು."

ಟೊಮ್ಯಾಟೊ ಎಲೆಯ ಹಸಿರು ಜಿಗುಟು ಹತ್ತಿದರೆ ಹೋಗುವುದಿಲ್ಲ, ಮೈ ತುರಿಸುತ್ತದೆ. ಅದಕ್ಕೆ ಹೆಂಗಸರು ಸೀರೆಯ ಮೇಲೆ ಗಂಡಂದಿರ ಹಳೇ ತುಂಬುತೋಳಿನ ಅಂಗಿ ತೊಟ್ಟು, ತಲೆಗೆ ಬಟ್ಟೆ ಕಟ್ಟಿ ಕೆಲಸ ಮಾಡುತ್ತಾರೆ. ಆ ಹೊಲಸು ಅಂಗಿಗಳನ್ನು ಮನೆಗೆ ಒಯ್ಯುವುದಿಲ್ಲ. ಪರದೆಯ ಬಾಗಿಲಲ್ಲಿ ಕಟ್ಟಿದ ಬಿದಿರಿನ ಗಳದ ಮೇಲೆ ಹಾಕಿ ಹೋಗುತ್ತಾರೆ. ಮರುದಿನ ಬಂದವರು ಸಿಕ್ಕಿದ್ದು ತೊಡುತ್ತಾರೆ. ಔಷಧಿ ಹೊಡೆಯುವವನೂ ತನ್ನ ಅಂಗಿ, ಟವೆಲು ಹಾಕುವುದು ಅದೇ ಗಳಕ್ಕೆ. ದಿನವೂ ಆ ಗಳದ ಕೆಳಗೆ ಬಗ್ಗಿ ಒಳಗೆ ಹೋಗುವ ನನಗೂ ಅದರಲ್ಲಿ ಏನೂ ಕಂಡಿರಲಿಲ್ಲ.

"ಹೊಸಾಕಿ ಒಬ್ಬಾಕಿ ಇವತ್ತ ಅಂಗಿ ತಂದಿರ್ಲಿಲ್ರಿ" ಎಂದಳು ನೆಗೆಣ್ಣಿ. "ಅಕ್ಕ ತನ್ನ ಅಂಗಿ ಆಕಿಗೆ ಕೊಟ್ಟು, ಗಳದ ಮ್ಯಾಲೆ ಉಳದಿದ್ದು ತಾ ಹಾಕ್ಕೊಂಡ್ಲು. ಹಸಿ ಇತ್ತು. ಇಬ್ಬನಿಗೆ ತೊಯ್ದೈತಿ ಬಿಡ ಅಂದ್ಲು."

ಮಾಲೀಕರಿಗೆ ಫೋನು ಮಾಡಿದೆ. ಔಷಧಿ ಹೊಡೆಯುವವನನ್ನು ಕೇಳಿ ಹೇಳಿದರು: ಹಿಂದಿನ ಸಂಜೆ ಡಬ್ಬಿಯ ಮುಚ್ಚಳ ಸೀಳಿ ನೀರು ಬೆರೆಸದ ಔಷಧಿ ಅವನ ಕೈ ಮೇಲೆ ಚೆಲ್ಲಿತ್ತು, ಅದನ್ನು ಆ ಟವೆಲಿನಿಂದ ಒರೆಸಿಕೊಂಡಿದ್ದ. ಬೆನ್ನಿನ ಪಂಪು ಸೋರಿ ಅಂಗಿಯೂ ನೆನೆದಿತ್ತು. "ಆದ್ರ ಅಂವಗೇನೂ ಆಗಿಲ್ಲಲ್ರಿ, ಜಳಕಾ ಮಾಡಿ ಆರಾಮ ಮಕ್ಕೊಂಡಾನ" ಎಂದರು. ಅದನ್ನೊಂದು ಸಮಾಧಾನದಂತೆ ಹೇಳಿದ್ದು ಕೇಳಿ ಫೋನನ್ನೇ ಎಸೆಯಬೇಕೆನಿಸಿತು.

ಅಂಗಿಯನ್ನು ನರ್ಸು ಬೆಳಗ್ಗೆಯೇ ತೆಗೆಸಿದ್ದರು. ಟವೆಲನ್ನು ಈಗ ಚಿಮಟಿಗೆಯಿಂದ ಎತ್ತಿ ಚೀಲಕ್ಕೆ ಹಾಕಿ ಕಟ್ಟಿದರು. ಆದರೆ ಆಕೆಯ ತಲೆ ತುಂಬ ಕೊಬ್ಬರಿ ಎಣ್ಣೆ, ಮೊಣಕಾಲು ಮುಟ್ಟುವಷ್ಟು ಕೂದಲು, ಬಿಗಿದ ತುರುಬು. ಈ ವಿಷ ನೀರಿಗಿಂತ ಜಿಡ್ಡಿನಲ್ಲಿ ಚೆನ್ನಾಗಿ ಸೇರುತ್ತದೆ. ದಿನವಿಡೀ ಅದು ನೆತ್ತಿಗೆ ಇಳಿಯುತ್ತಿತ್ತು. ನಾವು ಅಟ್ರೋಪಿನ್ ಏರಿಸಿದಷ್ಟೂ ಹೊಸ ವಿಷ ಹೋಗಿ ಉಳಿದ ಯಂತ್ರಗಳಿಗೆ ಅಂಟುತ್ತಿತ್ತು. ಎರಡು ಸಲ ತೊಳೆದರೂ ವಾಸನೆ ಹೋಗಲಿಲ್ಲ. ಮಲಗಿದವಳ ಅಷ್ಟು ಕೂದಲನ್ನು ತೊಳೆಯಲು ಸಾಧ್ಯವೂ ಇರಲಿಲ್ಲ.

"ಬುಡಕ್ಕ ಕತ್ತರಸಬೇಕು" ಎಂದರು ಡಾಕ್ಟರು.

ಗಂಡ ಬಾಗಿಲ ಚೌಕಟ್ಟು ಹಿಡಿದು ನಿಂತ. ನೆಗೆಣ್ಣಿ ಎರಡೂ ಕೈ ಚಾಚಿ ಮಂಚಕ್ಕೆ ಅಡ್ಡ ಬಂದಳು.

"ಗಂಡ ಇರೋ ಹೆಣಮಗಳ ತಲಿ ಬೋಳಸ್ತೀರೇನ್ರಿ? ಎದ್ದಮ್ಯಾಲೆ ಆಕಿ ನನ್ನ ಕೇಳ್ತಾಳ. ನೀ ಎಲ್ಲಿದ್ದಿ ಅಂತ ಕೇಳ್ತಾಳ."

"ಎದ್ದು ಕೇಳ್ಲಿ ಅಂತನಽ ಕತ್ತರಸೂದು" ಎಂದೆ. "ಬೈಲಿ. ಹೊಡೀಲಿ. ಆದ್ರ ಏಳ್ಲಿ."

ಹಾಸಿಗೆಯ ಮೇಲೆ ಆ ಎರಡು ಬೆರಳು ಚಿವುಟುತ್ತಲೇ ಇದ್ದವು. ಗಂಡ ಬಹಳ ಹೊತ್ತು ಅದನ್ನೇ ನೋಡಿದ. "ಕತ್ತರಸ್ರಿ ಡಾಕ್ಟರ್" ಎಂದ. "ಕೂದಲಾ ಬೆಳೀತಾವ." ನೆಗೆಣ್ಣಿ ಅಳುತ್ತಲೇ ನರ್ಸಿನಿಂದ ರಬ್ಬರ್ ಗವಸು ಇಸಿದುಕೊಂಡು ತೊಟ್ಟಳು. "ಬ್ಯಾರೇದವ್ರು ಮುಟ್ಟೂದ ಬ್ಯಾಡ. ನಾ ಹಿಡೀತೇನಿ, ನೀವ ಕತ್ತರಸ್ರಿ" ಎಂದಳು ನನಗೆ.

ಕತ್ತರಿಸಿದೆ. ಎಣ್ಣೆ ಕೂದಲಿಗೆ ಕತ್ತರಿ ಜಾರುತ್ತಿತ್ತು. ನೆತ್ತಿಯನ್ನು ಸೋಪು ಹಚ್ಚಿ ತೊಳೆದೆವು, ಕಿವಿಯ ಹಿಂಭಾಗ ಒರೆಸಿದೆವು, ಹಸಿರುಗಟ್ಟಿದ ಉಗುರುಗಳನ್ನೂ ಕತ್ತರಿಸಿದೆವು. ಆ ಸಂಜೆಯಿಂದ ಎದೆ ಮತ್ತೆ ತುಂಬಲಿಲ್ಲ. ಡೋಸು ಇಳಿಯಿತು. ಮರುದಿನ ಆಕೆಗೆ ಜನರ ಗುರುತು ಹತ್ತಿತು. ತಲೆ ಮುಟ್ಟಿ ನೋಡಿಕೊಂಡು, "ಯಾರ ಕತ್ತರಿಸಿದ್ದು? ಒಂದ ಕಡೆ ಗಿಡ್ಡ, ಒಂದ ಕಡೆ ಉದ್ದ. ನನ್ನ ಗ್ಯಾಂಗಿನ್ಯಾಗ ಇದ್ದಿದ್ರ ಮನೀಗೆ ಕಳಸ್ತಿದ್ದೆ" ಎಂದಳು. ನೆಗೆಣ್ಣಿ ನನ್ನ ಕಡೆ ಬೆರಳು ತೋರಿಸಿ ಹೊರಗೆ ಓಡಿದಳು.

ಆಗ ಎಲ್ಲರೂ ಮನೆಗೆ ಹೊರಡುವ ಮಾತು ತೆಗೆದರು. ಅತ್ಯಂತ ರೇಗಿದ್ದು ನನಗೆ ಆಗಲೇ. ಡಾಕ್ಟರು ಬೇಡವೆಂದರು. ಮೈಯೊಳಗಿನ ಆ ಕಿಣ್ವದ ಯಂತ್ರಗಳು ಇನ್ನೂ ಸತ್ತೇ ಬಿದ್ದಿದ್ದವು. ಅಟ್ರೋಪಿನ್ ಬಾಗಿಲು ಮುಚ್ಚಿ ಹಿಡಿದಿದ್ದರಿಂದ ಗದ್ದಲ ಕೇಳುತ್ತಿರಲಿಲ್ಲ, ಅಷ್ಟೆ. ಅದನ್ನು ಮಾಲೀಕರಿಗೆ ಹೇಗೆ ಹೇಳುವುದು? "ಚಾ ಕುಡಿಯಾಕತ್ತಾಳ, ಬೈಯಾಕತ್ತಾಳ, ಇನ್ನೇನ ಬೇಕ್ರಿ ನಿಮ್ಮ ಸೈನ್ಸಿಗೆ?" ಎಂದರು ಅವರು. ಅದರ ಮರುದಿನ ಬೆಳಗ್ಗೆ ಚಹಾ ಕೊಡುವಾಗ ನೆಗೆಣ್ಣಿ ಆಕೆಯ ತಲೆಯ ಕೆಳಗೆ ಕೈ ಕೊಟ್ಟು ಎತ್ತುವುದನ್ನು ಕಂಡೆ.

"ಅಕ್ಕ, ನೀವಽ ತಲಿ ಎತ್ರಿ ನೋಡೂಣು" ಎಂದೆ. ಆಕೆ ಪ್ರಯತ್ನಿಸಿದಳು. ಕುತ್ತಿಗೆಯ ನರ ಉಬ್ಬಿತು, ತಲೆ ದಿಂಬು ಬಿಟ್ಟು ಏಳಲಿಲ್ಲ. "ದಣಿವಾಗೈತ್ರಿ" ಎಂದಳು. ದನಿ ತೆಳ್ಳಗಾಗಿತ್ತು. ಒಂದೇ ಉಸಿರಿನಲ್ಲಿ ಎಷ್ಟು ಎಣಿಸುತ್ತಾಳೆಂದು ಡಾಕ್ಟರು ಕೇಳಿದರೆ, ನಡುವೆಯೇ ಉಸಿರು ಮುಗಿಯಿತು. ಕುತ್ತಿಗೆ ಸೋತ ಮೇಲೆ ಉಸಿರಿನ ಸ್ನಾಯುವಿನ ಸರದಿ. ಈ ಸಲ ಅವರು ತಡಮಾಡಲಿಲ್ಲ. ಆಂಬುಲೆನ್ಸಿನಲ್ಲಿ ತಾವೇ ಜೊತೆಗೆ ಕುಳಿತು ದೊಡ್ಡ ಆಸ್ಪತ್ರೆಗೆ ಮುಟ್ಟಿಸಿದರು. ಅಲ್ಲಿ ಗಂಟಲಿಗೆ ನಳಿಕೆ ಇಳಿಸಿ ಉಸಿರಾಟದ ಯಂತ್ರಕ್ಕೆ ಜೋಡಿಸಿದರು. ಹಿಂದಿನ ದಿನವೇ ಎಲ್ಲರ ಮಾತು ಕೇಳಿ ಆಕೆಯನ್ನು ಮನೆಗೆ ಒಯ್ದಿದ್ದರೆ ಏನಾಗುತ್ತಿತ್ತೆಂದು ನಾನು ಇವತ್ತಿಗೂ ಯೋಚಿಸುತ್ತೇನೆ. ಬೇಡವೆಂದರೂ ಆ ಯೋಚನೆ ಬರುತ್ತದೆ.

ಇನ್ನು ಕೊಡಬಹುದಾದ ಔಷಧಿ ಇರಲಿಲ್ಲ. ಜೀವಕೋಶಗಳು ತಮ್ಮೊಳಗಿನ ನಕ್ಷೆ ಓದಿ, ಅಮೈನೋ ಆಮ್ಲಗಳನ್ನು ಒಂದರ ಹಿಂದೆ ಒಂದು ಪೋಣಿಸಿ, ಮಡಿಸಿ, ಹೊಸ ಕಿಣ್ವ ಕಟ್ಟಿ ನರದ ತುದಿಗೆ ಕಳಿಸಬೇಕು. ಅದನ್ನು ಅವಸರಪಡಿಸಲು ಯಾರಿಂದಲೂ ಆಗುವುದಿಲ್ಲ. ಅಲ್ಲಿಯವರೆಗೆ ಉಸಿರನ್ನು ಹೊರಗಿನ ಯಂತ್ರ ಆಡಿಸಬೇಕು. ನಾವು ಗಾಜಿನ ಆಚೆ ಕುಳಿತು ಕಾದೆವು. ಇದನ್ನೆಲ್ಲ ನನ್ನಿಂದ ಕೇಳಿ ತಿಳಿದಿದ್ದ ನೆಗೆಣ್ಣಿ ಬುತ್ತಿ ಕಟ್ಟಿಕೊಂಡು ದಿನವೂ ಬರುತ್ತಿದ್ದಳು, ದಿನವೂ ಒಂದೇ ಪ್ರಶ್ನೆ: "ಹೊಸಾವು ಹುಟ್ಟಿದುವೇನ್ರಿ ಮೇಡಂ?" ಒಂದು ದಿನ ನಳಿಕೆ ತೆಗೆದರು. ತಲೆ ದಿಂಬಿನಿಂದ ಒಂದು ಅಂಗುಲ ಎದ್ದಿತು. ನೆಗೆಣ್ಣಿ ವಾರ್ಡಿನಲ್ಲಿ ಚಪ್ಪಾಳೆ ಹೊಡೆದು ಸಿಸ್ಟರಿಂದ ಬೈಸಿಕೊಂಡಳು.

ಆಕೆ ಮನೆಗೆ ಹೋದ ಮೇಲೆ ಕೆಟ್ಟದ್ದು ನನ್ನ ನಿದ್ದೆ. ಶಿಗ್ಗಾವಿಯ ನನ್ನ ಮನೆಯಲ್ಲಿ ಮಲಗಿದರೆ, ನನ್ನದೇ ಉಸಿರು ಎಳೆದದ್ದು ಬಿಡುತ್ತದೋ ಇಲ್ಲವೋ ಎಂದು ಗಮನಿಸುತ್ತ ಎಚ್ಚರವಾಗುತ್ತಿದ್ದೆ. ದಿನವೂ ಸಂಜೆ ಆಕೆಗೆ ಫೋನು ಮಾಡುತ್ತಿದ್ದೆ. ಊಟ, ಬೆಳೆ ಎಂದು ಏನೋ ಕೇಳುವುದು ನೆಪ. ಮಾತಿನ ನಡುವೆ ಉಸಿರು ಎಲ್ಲಿ ನಿಲ್ಲುತ್ತದೆ ಎಂದು ಕಿವಿಗೊಡುವುದು ನಿಜವಾದ ಕೆಲಸ. ಕಂಪನಿಗೆ ಅಂಗಿಯ ವಿಷಯ ಬರೆದೆ. ಔಷಧಿ ಹೊಡೆಯುವವರ ಬಟ್ಟೆ ಬೇರೆ ಕಡೆ ಇಡಬೇಕೆಂದು ಪ್ಲಾಟು ಪ್ಲಾಟಿಗೂ ಹೋಗಿ ಹೇಳಿದೆ. ಹಾನಗಲ್ಲಿನ ಕಡೆಯ ಒಬ್ಬ ರೈತರು ಎಲ್ಲ ಕೇಳಿ, ತಲೆಯಾಡಿಸಿ, ನನ್ನೆದುರೇ ಪಂಪು ಇಳಿಸಿ ತಮ್ಮ ಟವೆಲನ್ನು ಹೆಂಗಸರ ಗಳಕ್ಕೆ ಹಾಕಿದರು. ನಾನು ಅದನ್ನು ಕಡ್ಡಿಯಿಂದ ಎತ್ತಿ ಕೆಳಗೆ ಬೀಳಿಸಿದೆ. ಮರುದಿನ ಮತ್ತೆ ಹೋದೆ, ಮತ್ತೆ ಬೀಳಿಸಿದೆ.

ರಕ್ತದಲ್ಲಿ ಆ ಕಿಣ್ವ ಎಷ್ಟಿದೆ ಎಂದು ಅಳೆಯಬಹುದು. ಕೊನೆಯ ಪರೀಕ್ಷೆಗೆ ನಾನೇ ಆಕೆಯನ್ನು ಕರೆದೊಯ್ದೆ. ತಲೆಯ ಮೇಲೆ ಸೆರಗು, ಒಳಗೆ ಬೆರಳಷ್ಟು ಕೂದಲು. ಇರಬೇಕಾದ ಕನಿಷ್ಠ ಮಟ್ಟವನ್ನು ದಾಟಿ ಮೇಲೇರಿದೆ ಎಂದರು. ಆಕೆಗೆ ಬಿಡಿಸಿ ಹೇಳಿದೆ: ಒಬ್ಬೊಬ್ಬ ಕೆಲಸಗಾರನೂ ಸೆಕೆಂಡಿಗೆ ಸಾವಿರಾರು ಕತ್ತರಿಸುತ್ತಾನೆ, ಅಂಥ ಹೊಸ ಗ್ಯಾಂಗು ಈಗ ಮೈತುಂಬ ಬಂದಿದೆ ಎಂದು.

"ಸಾವಿರಾರು?" ಎಂದಳು. "ಅವಕ್ಕ ಮೇಸ್ತ್ರಿ ಯಾರ್ರಿ?"

"ಯಾರೂ ಇಲ್ಲ ಅಕ್ಕ."

"ಅದಕ್ಕಽ ಅಷ್ಟ ಕೆಲಸ ಆಗ್ತೈತಿ" ಎಂದು ನಕ್ಕಳು. ಬಸ್ಸು ಹತ್ತುವಾಗ ತಿರುಗಿ ನನ್ನನ್ನು ನೋಡಿದಳು. "ಮೇಡಂ, ಒಂದ ಮಾತು. ದಿನಾ ಸಂಜೀಕ ಫೋನ್ ಮಾಡಿ ನನ್ನ ಉಸರಾ ಕೇಳೂದ ಬಿಡ್ರಿ. ನಂಗ ಗೊತ್ತಾಗ್ತೈತಿ. ನೀವ ಕೇಳಾಕತ್ತೀರಿ ಅಂದ್ರ ನಂಗೂ ಅಂಜಿಕಿ ಬರ್ತೈತಿ. ನೀವೂ ಮಕ್ಕೋರಿ, ನನ್ನೂ ಮಕ್ಕೊಳ್ಳಾಕ ಬಿಡ್ರಿ."

ಆ ಸಂಜೆ ನಾನು ಫೋನು ಮಾಡಲಿಲ್ಲ. ಊಟ ಮಾಡಿ ಸುಮ್ಮನೆ ಅಡ್ಡಾದೆ. ಎಚ್ಚರವಾದಾಗ ಬಿಸಿಲು ಕಿಟಕಿ ದಾಟಿ ಹಾಸಿಗೆಯವರೆಗೆ ಬಂದಿತ್ತು, ತಲೆಯ ಬಳಿ ಫೋನು ಬಡಿದುಕೊಳ್ಳುತ್ತಿತ್ತು. ಎತ್ತಿದೆ.

"ಮೇಡಂ," ಆ ಕಡೆ ಮೇಸ್ತ್ರಿ ಅಕ್ಕನ ದೊಡ್ಡ ದನಿ, ಎಲ್ಲೂ ಉಸಿರು ಕಡಿಯದೆ, "ನಿನ್ನಿ ನಿಮ್ಮ ಫೋನ್ ಬರಲೇ ಇಲ್ಲ, ಇಡೀ ರಾತ್ರಿ ನಂಗ ನಿದ್ದಿಲ್ಲ, ಆರಾಮ ಅದೀರಿಲ್ಲೋ ನೀವು?"